ಐದು ನಿಮಿಷ ಹಿಂದಿದ್ದ ಗಡಿಯಾರ

ಸೆಪ್ಟೆಂಬರ್ 4, ಬುಧವಾರ

ಇಂದಿನಿಂದ ನಾನು ಅಧಿಕೃತವಾಗಿ ಸಜ್ಜನ. ವಾರಕ್ಕೆ ಎರಡು ದಿನ, ಬುಧವಾರ ಮತ್ತು ಶುಕ್ರವಾರ, ಬೆಳಗಿನ ಹೊತ್ತು ಮಾತ್ರ. ಉಳಿದ ವೇಳೆಯಲ್ಲಿ ನಾನು ಹೇಗಿರಬೇಕೆಂದು ಕಾಲೇಜು ಷರತ್ತು ಹಾಕಿಲ್ಲ.

ವಿಷಯದ ಹೆಸರು ‘ವೃತ್ತಿನೀತಿ ಮತ್ತು ನಿರ್ಧಾರ’. ಮುಂದೆ ಲೆಕ್ಕಪರಿಶೋಧಕರಾಗಲಿರುವ ಮಕ್ಕಳಿಗೆ, ಆದ ಮೇಲೆ ಹೇಗೆ ನೆಟ್ಟಗಿರಬೇಕೆಂದು ಈಗಲೇ ಹೇಳಿಕೊಡುವುದು. ಇಷ್ಟು ವರ್ಷ ಲೆಕ್ಕಪರಿಶೋಧಕರ ಹಸಿರು ಪೆನ್ನು ಹಿಡಿದು ಊರೂರು ಸುತ್ತಿ ಕಂಡವರ ಲೆಕ್ಕಕ್ಕೆ ಗೀಟು ಎಳೆದವರು ಪಾಠಕ್ಕೇಕೆ ಬಂದಿರಿ ಎಂದು ಪ್ರಾಂಶುಪಾಲರು ಕೇಳಿದರು. “ಮುಂದಿನ ಪೀಳಿಗೆಗೆ ಏನಾದರೂ ಕೊಡಬೇಕೆಂಬ ಹಂಬಲ” ಎಂದೆ. ಅವರು ಕಣ್ಣು ತುಂಬಿಕೊಂಡರು. ನೆಗಡಿಯೂ ಇತ್ತು.

ನಿಜವಾದ ಕಾರಣ ಮನೆಯಲ್ಲಿದೆ. ಚಹಾದ ಲೋಟವನ್ನು ಮೇಜಿನ ಮೇಲಿಡುತ್ತಿದ್ದೇನೆಂದುಕೊಂಡು ಗಾಳಿಯ ಮೇಲಿಡುತ್ತದೆ. ಬಿದ್ದ ಸದ್ದಿಗೆ ತಾನೇ ನಗುತ್ತದೆ. ನನ್ನ ಹೆಂಡತಿಯ ಎಡಗಣ್ಣು ಹೋದ ವರ್ಷವೇ ಕೈಕೊಟ್ಟಿತು. ಈಗ ಬಲಗಣ್ಣೂ ಅದರ ದಾರಿಯನ್ನೇ ಹಿಡಿದಿದೆ. ನಗರ ಯೋಜನೆ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವಳು ಇವಳು. ಗೆರೆ ಕೂದಲೆಳೆಯಷ್ಟು ದಪ್ಪವಾದರೂ ಹಾಳೆ ಹರಿಯುತ್ತಿದ್ದವಳು. ಅವಳನ್ನು ಬಿಟ್ಟು ಪರವೂರಿನ ಲಾಡ್ಜಿನಲ್ಲಿ ಮಲಗಿ ಇನ್ಯಾರದೋ ಗೋದಾಮಿನ ಚಿಂತೆ ಮಾಡುವುದು ಇನ್ನು ನನ್ನಿಂದಾಗದು. ಹಾಗೆಂದು ಅವಳಿಗೆ ಹೇಳಿಲ್ಲ. ಅವಳಿಗೂ ಮುಂದಿನ ಪೀಳಿಗೆಯ ಕತೆಯನ್ನೇ ಹೇಳಿದ್ದೇನೆ.

ಮನೆಯ ಗಾಜಿನ ಲೋಟಗಳನ್ನು ಮೇಲಿನ ಕಪಾಟಿಗೆ ಏರಿಸಿದೆ. ಇನ್ನು ಮುಂದೆ ಸ್ಟೀಲು.

ಸೆಪ್ಟೆಂಬರ್ 6, ಶುಕ್ರವಾರ

ಪ್ರಶ್ನೆ ಕೊಟ್ಟೆ: ‘ಮುಂದಿನ ತಿಂಗಳ ಮಾರಾಟವನ್ನು ಈ ತಿಂಗಳಲ್ಲೇ ತೋರಿಸು ಎಂದು ನಿಮ್ಮ ಮೇಲಧಿಕಾರಿ ಹೇಳುತ್ತಾರೆ. ಏನು ಮಾಡುತ್ತೀರಿ?’

ಇಡೀ ತರಗತಿ ಒಂದೇ ಕೈಯಲ್ಲಿ ಬರೆದಂತೆ ಬರೆಯಿತು: ‘ವಿನಯದಿಂದ ನಿರಾಕರಿಸುತ್ತೇನೆ.’ ಇಷ್ಟೊಂದು ಪುಣ್ಯಾತ್ಮರು ಒಂದೇ ಕೋಣೆಯಲ್ಲಿ ಸೇರಿ ಸೆಕೆಯಾಯಿತು. ಫ್ಯಾನು ಜೋರು ಮಾಡಿಸಿದೆ.

ಮೊದಲ ಬೆಂಚಿನಲ್ಲೊಬ್ಬ ಹುಡುಗನಿದ್ದಾನೆ. ನಾನು ಬಾಯಿ ತೆರೆಯುವ ಮೊದಲೇ ತಲೆಯಾಡಿಸುತ್ತಾನೆ. ಅವನಿಗೆ ‘ಹೌದಪ್ಪ’ ಎಂದು ಹೆಸರಿಟ್ಟಿದ್ದೇನೆ, ಈ ಪುಸ್ತಕದಲ್ಲಿ ಮಾತ್ರ. ಕೊನೆಯ ಬೆಂಚಿನಲ್ಲೊಬ್ಬಳು ಹುಡುಗಿ. ಬಾಯಿ ತೆರೆದರೆ ಮೊದಲ ಪದ ‘ಆದರೆ’. ಅವಳ ಹೆಸರು ಅದೇ ಆಯಿತು.

“ಆದರೆ ಸರ್, ಆ ಮೇಲಧಿಕಾರಿ ಒಳ್ಳೆಯವರಾಗಿದ್ರೆ?”

“ಒಳ್ಳೆಯವರು ಹಾಗೆ ಹೇಳ್ತಾರೇನಮ್ಮ?”

“ಹೇಳ್ತಾರೆ ಸರ್. ಕೆಟ್ಟವರಿಗೆ ಆಗಲ್ಲ ಅನ್ನೋದು ಸುಲಭ. ನಮಗೆ ಬೇಕಾದವರಿಗೆ, ಅವರ ಮುಖ ಬಾಡುತ್ತೆ ಅಂತ ಗೊತ್ತಿದ್ದೂ ಹೇಗೆ ಹೇಳೋದು? ಯಾವ ಅಧ್ಯಾಯದಲ್ಲಿದೆ?”

“ಮುಂದಿನ ತರಗತಿಯಲ್ಲಿ ನೋಡೋಣ” ಎಂದೆ. ಉತ್ತರ ಗೊತ್ತಿಲ್ಲದ ಮೇಷ್ಟ್ರುಗಳಿಗಾಗಿಯೇ ಮುಂದಿನ ತರಗತಿಯೆಂಬುದನ್ನು ಸೃಷ್ಟಿಸಿದ್ದಾರೆ.

ಹೌದಪ್ಪ ತಲೆಯಾಡಿಸಿದ.

ಸೆಪ್ಟೆಂಬರ್ 10, ಮಂಗಳವಾರ

ಕಣ್ಣಾಸ್ಪತ್ರೆ. ಇವಳ ಕಣ್ಣಿಗೆ ಹನಿ ಹಾಕಿ ಒಳಗೆ ಕೂರಿಸಿ, ಡಾಕ್ಟರಮ್ಮ ನನ್ನನ್ನು ಓಣಿಯಂಥ ಆ ಹಜಾರಕ್ಕೆ ಕರೆದರು.

“ಆಪರೇಷನ್ ಮಾಡಿದ್ರೆ ಅರ್ಧಕ್ಕರ್ಧ. ದೃಷ್ಟಿ ನಿಲ್ಲಬಹುದು, ಈಗಿರೋದೂ ಹೋಗಬಹುದು. ಮಾಡದಿದ್ರೆ ನಿಧಾನವಾಗಿ ಹೋಗೋದು ಖಂಡಿತ. ಒಂದೆರಡು ವಾರ ಆಚೀಚೆ ಆದ್ರೆ ನಷ್ಟವಿಲ್ಲ. ಅವರಿಗೆ ನಾನು ಹೇಳ್ಲಾ, ನೀವು ಹೇಳ್ತೀರಾ?”

“ನಾನೇ ಹೇಳ್ತೀನಿ” ಎಂದೆ.

ಆಟೋದಲ್ಲಿ ಇವಳು ಕೇಳಿದಳು: “ಏನಂದ್ರು?”

“ನೂರಕ್ಕೆ ನೂರು ಸರಿಹೋಗುತ್ತಂತೆ.”

ಸುಮ್ಮನಾದಳು. ಅವಳ ಈ ಸುಮ್ಮನಾಗುವಿಕೆ ನನಗೆ ಗೊತ್ತು. ಕಚೇರಿಯಲ್ಲಿ ಗುತ್ತಿಗೆದಾರರು ತಂದ ಅಳತೆಯನ್ನು ನಂಬದಿದ್ದಾಗಲೂ ಹೀಗೇ ಇರುತ್ತಿದ್ದಳಂತೆ. ಹಾಗಾಗಿ ಸೇರಿಸಿದೆ: “ಹತ್ತು ದಿನಕ್ಕೆ ಸೂಜಿಗೆ ದಾರ ಪೋಣಿಸ್ತಾರೆ ನೋಡ್ತಿರಿ ಅಂತ ನಕ್ಕರು ಕೂಡ.”

“ಹೌದಾ? ನಕ್ಕರಾ?” ಎಂದಳು. ಮುಖ ಅರಳಿತು.

ಈ ಸೂಜಿ ಎಲ್ಲಿಂದ ಬಂತೋ ನಾನರಿಯೆ. ಬಂದದ್ದು ಚೆನ್ನಾಗಿ ಹೊಂದಿಕೊಂಡಿತು. ಇದನ್ನು ಸುಳ್ಳೆನ್ನಲು ಬರುವುದಿಲ್ಲ. ಧೈರ್ಯ ತುಂಬುವುದು ಎನ್ನುತ್ತಾರೆ. ಆಪರೇಷನ್ ಇಪ್ಪತ್ತನಾಲ್ಕಕ್ಕೆ. ಅಷ್ಟರೊಳಗೆ ಸಂದರ್ಭ ನೋಡಿ ಹೇಳಿದರಾಯಿತು.

ಸಂಜೆ ನಾದಿನಿ ಫೋನು ಮಾಡಿದಳು. ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. “ಭಾವ, ಅಕ್ಕನ ಹತ್ರ ಉಸಿರೆತ್ತಬೇಡಿ. ಧೈರ್ಯಗೆಟ್ಟರೆ ಏನು ಗತಿ?” ಎಂದಳು. ಇಬ್ಬರು ಒಪ್ಪಿದ ಮೇಲೆ ಅದು ಹೆಚ್ಚುಕಡಿಮೆ ನಿಯಮವೇ.

ಸೆಪ್ಟೆಂಬರ್ 13, ಶುಕ್ರವಾರ

ಹೊಸ ಉಪಾಯ. ಬಾಯಲ್ಲಿ ಎಲ್ಲರೂ ಪುಣ್ಯಾತ್ಮರೇ. ಕಾಲಲ್ಲಿ ಹೇಗೆ ನೋಡೋಣವೆಂದು ಕಾಲೇಜಿನ ಸಾಮಾನಿನ ಪಟ್ಟಿ ಹಂಚಿದೆ. ಬೀರು, ಬೆಂಚು, ಪ್ರಿಂಟರು, ಓದುಕೋಣೆಯ ಗೋಡೆ ಗಡಿಯಾರ ಇತ್ಯಾದಿ. ಪ್ರತಿಯೊಂದನ್ನೂ ಹುಡುಕಿಕೊಂಡು ಹೋಗಿ, ಕಣ್ಣಾರೆ ಕಂಡು, ಪಕ್ಕದಲ್ಲಿ ಗೀಟು ಹಾಕಿ, ಸ್ಥಿತಿಗತಿ ಬರೆದು ಸಹಿ ಮಾಡಬೇಕು. ನಮ್ಮ ಕಸುಬಿನ ಮೊದಲ ಪಾಠ ಇದು: ಕಾಣದ್ದಕ್ಕೆ ಗೀಟಿಲ್ಲ.

ಬಹಳ ಗಂಭೀರವಾಗಿ ಹೇಳಿದೆ. ನನಗೇ ಮೈ ಜುಮ್ಮೆಂದಿತು.

ಸೆಪ್ಟೆಂಬರ್ 14, ಶನಿವಾರ

ಇವಳು ನಮ್ಮ ಬೀದಿಯದೊಂದು ನಕ್ಷೆ ಬರೆಯುತ್ತಿದ್ದಳು. ಯಾರೂ ಕೇಳಿದ್ದಲ್ಲ. ಮನೆಯಿಂದ ಬೇಕರಿಯವರೆಗೆ, ಪ್ರತಿ ಗೇಟು, ಪ್ರತಿ ಮೆಟ್ಟಿಲು, ನಾನು ಸ್ಕೂಟರಿನಿಂದ ಬಿದ್ದ ಜಾಗ (ಇದಕ್ಕೊಂದು ವಿಶೇಷ ಗುರುತು), ಸಂಜೆ ನಾಯಿ ಮಲಗುವ ಮೂಲೆ. ಇಂದು ನೋಡಿದರೆ ಪೆನ್ನುಗಳನ್ನೆಲ್ಲ ತೊಳೆದು ಒರೆಸಿ ಡಬ್ಬಿಗೆ ಹಾಕುತ್ತಿದ್ದಾಳೆ.

“ಯಾಕೆ ನಿಲ್ಲಿಸಿಬಿಟ್ಟೆ?”

“ಈ ಮಂಜುಗಣ್ಣಲ್ಲಿ ಯಾಕೆ ಒದ್ದಾಡ್ಲಿ? ಹತ್ತು ದಿನಕ್ಕೆ ಸೂಜಿ ಪೋಣಿಸೋ ಕಣ್ಣು ಬರುತ್ತಲ್ಲ. ಆಮೇಲೆ ನೀವು ಸ್ಕೂಟರಿನಿಂದ ಬಿದ್ದು ಹಲ್ಲು ಮುರಿದದ್ದೂ ಕಾಣೋ ಹಾಗೆ ಬರೀತೀನಿ.”

ಡಬ್ಬಿಯ ಮುಚ್ಚಳ ಟಕ್ಕೆಂದಿತು. ನಾನು ಪೇಪರು ಓದಿದೆ. ಒಂದೇ ಸುದ್ದಿಯನ್ನು ಬಹಳ ಹೊತ್ತು.

ಸೆಪ್ಟೆಂಬರ್ 17, ಮಂಗಳವಾರ

ಪಟ್ಟಿಗಳಿಗೆ ಅಂಕ ಹಾಕಿ ಮುಗಿಸಿದೆ. ಅಚ್ಚುಕಟ್ಟು! ಎಲ್ಲ ಗೀಟುಗಳೂ ಸಾಲಾಗಿ ನಿಂತಿವೆ. ಹೌದಪ್ಪನದಂತೂ ಚೌಕಟ್ಟು ಹಾಕಿಸುವಂತಿದೆ. ಗಡಿಯಾರದ ಎದುರು ‘ಚಾಲನೆಯಲ್ಲಿದೆ. ಐದು ನಿಮಿಷ ಹಿಂದಿದೆ’ ಎಂದು ಬರೆದಿದ್ದಾನೆ. ಎಂಥ ಸೂಕ್ಷ್ಮ! ಅವನಿಗೆ ಹತ್ತಕ್ಕೆ ಹತ್ತು.

‘ಆದರೆ’ ಮಾತ್ರ ಅರ್ಧ ಪಟ್ಟಿ ಕೊಟ್ಟಿದ್ದಾಳೆ. ಗಡಿಯಾರದ ಎದುರು: ‘ಓದುಕೋಣೆಗೆ ಬೀಗ. ಎರಡು ಸಲ ಹೋದೆ. ನೋಡಲಾಗಲಿಲ್ಲ. ಇದೆಯೋ ಇಲ್ಲವೋ ಹೇಳಲಾರೆ.’ ಇನ್ನೂ ನಾಲ್ಕು ಕಡೆ ಇದೇ ರಾಗ. ಸೋಮಾರಿತನಕ್ಕೆ ಸಾಹಿತ್ಯದ ಲೇಪ. ನಾಲ್ಕು ಅಂಕ.

ಇವಳು ಬೆಳಿಗ್ಗೆಯಿಂದ ಸುಮ್ಮನೆ ಕಿಟಕಿಯ ಬಳಿ ಕೂತಿದ್ದಳು. ಕೆಲಸವಿಲ್ಲದ ಅವಳ ಕೈಗಳನ್ನು ಇಷ್ಟು ವರ್ಷದಲ್ಲಿ ನಾನು ನೋಡಿರಲಿಲ್ಲ.

ಸೆಪ್ಟೆಂಬರ್ 18, ಬುಧವಾರ

ತರಗತಿ ಮುಗಿದ ಮೇಲೆ ‘ಆದರೆ’ ಪಟ್ಟಿ ಹಿಡಿದು ಬಂದಳು. ಮೂಗು ಕೆಂಪಾಗಿತ್ತು.

“ಆದರೆ ಸರ್, ನಾಲ್ಕಾ?”

“ಎಲ್ಲರಿಗೂ ಸಿಕ್ಕ ಗಡಿಯಾರ ನಿನಗೊಬ್ಬಳಿಗೆ ಸಿಗಲಿಲ್ಲ ಅಂದ್ರೆ ಏನು ಮಾಡ್ಲಮ್ಮ? ಬಾ, ನಾನೇ ತೋರಿಸ್ತೀನಿ.”

ದರ್ಪದಿಂದ ನಡೆದೆ. ಗುರು ಮುಂದೆ, ಶಿಷ್ಯೆ ಹಿಂದೆ. ಜವಾನನನ್ನು ಕರೆದು ಬೀಗ ತೆಗೆಸಿ, ಬಾಗಿಲು ದೂಡಿ, ಗೋಡೆಯ ಕಡೆಗೆ ಕೈ ಚಾಚಿ “ಅಕೋ” ಎಂದೆ.

ಗೋಡೆಯ ಮೇಲೆ ಒಂದು ಮೊಳೆ. ಮೊಳೆಯ ಕೆಳಗೆ, ಸುತ್ತಲ ಬಣ್ಣಕ್ಕಿಂತ ತಿಳಿಯಾದ ಒಂದು ದುಂಡು ಗುರುತು. ಗಡಿಯಾರ ಇಲ್ಲ.

“ಅದು ರಿಪೇರಿಗೆ ಅಂತ ಹೋಗಿದ್ದು ಸಾರ್” ಎಂದ ಜವಾನ. “ನನ್ನ ಮಗಳು ಆಗ ಒಂದನೇ ಕ್ಲಾಸು. ಈಗ ನಾಲ್ಕು.”

ನನ್ನ ಕೈ ಇನ್ನೂ ಚಾಚಿಕೊಂಡೇ ಇತ್ತು. ಅದನ್ನು ಎಲ್ಲಿಡುವುದೆಂದು ತೋಚಲಿಲ್ಲ.

‘ಆದರೆ’ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು. “ಸರ್, ನೀವೂ ನೋಡಿರಲಿಲ್ವಾ?” ಎಂದು ಮೆಲ್ಲಗೆ ಕೇಳಿದಳು. ಅಂದರೆ, ಕಾಣದ್ದಕ್ಕೆ ಗೀಟು ಹಾಕಿದವರಲ್ಲಿ ಒಬ್ಬರು ಹೆಚ್ಚಾದರು, ಮತ್ತು ಆ ಒಬ್ಬರದು ಹಸಿರು ಪೆನ್ನು.

ಅಂಕಗಳನ್ನೆಲ್ಲ ಹೊಡೆದು ಹಾಕಿದೆ. ಪ್ರಾಂಶುಪಾಲರಿಗೆ ತಿಳಿಸಿದರೆ, “ಪಟ್ಟಿಯಿಂದ ತೆಗೀಬೇಕಂದ್ರೆ ಸಮಿತಿ ಕೂರಬೇಕು, ಅಲ್ಲೀವರೆಗೆ ಗಡಿಯಾರ ಇದೆ ಅಂತಲೇ ಇಟ್ಕೊಳ್ಳಿ” ಎಂದರು.

ಸೆಪ್ಟೆಂಬರ್ 20, ಶುಕ್ರವಾರ

ಬೈಯಬಾರದೆಂದು ನಿಶ್ಚಯಿಸಿ ಹೋಗಿದ್ದೆ. ಬೈಯುವ ಯೋಗ್ಯತೆಯೂ ಉಳಿದಿರಲಿಲ್ಲ. ಮೊದಲು ನನ್ನ ಕತೆಯನ್ನೇ ಹೇಳಿದೆ: ಅಕೋ ಎಂದದ್ದು, ಕೈ ಚಾಚಿದ್ದು. ನಗು ಏಳಲಿಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಎದ್ದ ಮೇಲೆ ಕೂರಿಸಲಿಕ್ಕೆ ಇನ್ನೂ ಹೆಚ್ಚು.

ಆಮೇಲೆ ಕೇಳಿದೆ, ಯಾಕೆ ಗೀಟು ಹಾಕಿದಿರಿ?

“ಪಟ್ಟಿಯಲ್ಲಿತ್ತು ಸರ್. ಕಾಲೇಜಿನವರು ಸುಳ್ಳು ಬರೀತಾರಾ ಅಂತ.”

“ನಾನು ಇವಳದನ್ನ ನೋಡ್ಕೊಂಡು ಬರೆದೆ ಸರ್.” “ಏ, ನಾನು ನಿನ್ನದನ್ನ ನೋಡ್ಕೊಂಡು ಬರೆದದ್ದು ಕಣೇ!”

“ಖಾಲಿ ಬಿಟ್ರೆ ನಿಮಗೆ ಬೇಜಾರಾಗುತ್ತೆ ಅಂತ.”

ಕೊನೆಗೆ ಹೌದಪ್ಪ ಎದ್ದು ನಿಂತ. ತಲೆಯಾಡಿಸಲಿಲ್ಲ. ಬೆವರಿದ್ದ.

“ಸರಿನಪ್ಪ, ಇದೆ ಅಂತ ಬರೆದೆ. ಆ ಐದು ನಿಮಿಷ ಯಾಕೆ ಹಿಂದಿಟ್ಟೆ?”

“ಬರೀ ಇದೆ ಅಂದ್ರೆ ನಂಬಲ್ಲ ಅನ್ನಿಸ್ತು ಸರ್. ಸ್ವಲ್ಪ ಏನಾದ್ರೂ ಸೇರಿಸಿದ್ರೆ ನೋಡಿದ ಹಾಗೇ ಇರುತ್ತೆ. ಕೇಳಿದವರಿಗೂ ಸಮಾಧಾನ.”

ತರಗತಿ ಮತ್ತೆ ನಕ್ಕಿತು. ನಾನೂ ನಗಬೇಕೆಂದು ಬಾಯಿ ತೆರೆದೆ. ನೀರು ಕುಡಿದು ಬರುತ್ತೇನೆಂದು ಹೊರಗೆ ಹೋಗಿ, ನಲ್ಲಿಯ ಬಳಿ ನಿಂತುಕೊಂಡಿದ್ದೆ. ನಲ್ಲಿಯಲ್ಲಿ ನೀರಿರಲಿಲ್ಲ. ಆದರೂ ನಿಂತಿದ್ದೆ.

ಸೆಕೆಗಾಲ ಈ ವರ್ಷ ಬೇಗ ಬಂದಿರಬೇಕು.

ಸೆಪ್ಟೆಂಬರ್ 21, ಶನಿವಾರ

ಹೇಳೋಣವೆಂದು ಎದುರು ಕೂತೆ. “ಉಗುರು ಕತ್ತರಿಸಿ ಕೊಡ್ತೀರಾ, ಬೆರಳು ಎಲ್ಲಿ ಮುಗಿಯುತ್ತೆ ಅಂತಲೇ ಕಾಣಲ್ಲ” ಎಂದಳು. ಕತ್ತರಿಸಿದೆ. ಹತ್ತೂ. ಹೇಳಲಿಲ್ಲ.

ಸೆಪ್ಟೆಂಬರ್ 22, ಭಾನುವಾರ

ಹೇಳಿದೆ.

ಬೆಳಿಗ್ಗೆ ಚಹಾ ಕೊಟ್ಟು, ಲೋಟ ಅವಳ ಕೈಯಲ್ಲಿ ಭದ್ರವಾಗಿ ಕೂತದ್ದನ್ನು ನೋಡಿ ಶುರುಮಾಡಿದೆ. ಬೇರೆ ಭಾಷೆ ಬಾರದೆ ನನ್ನ ಕಸುಬಿನದೇ ಬಂತು: “ನಾನು ಕೊಟ್ಟ ಒಂದು ವರದಿ ವಾಪಸು ತಗೋಬೇಕಾಗಿದೆ.”

“ಯಾವ ಕಂಪನಿದು?”

“ನಿನ್ನದು.”

ಡಾಕ್ಟರಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅರ್ಧಕ್ಕರ್ಧ. ನಿಲ್ಲಬಹುದು, ಹೋಗಬಹುದು. ಒಂದೆರಡು ವಾರ ತಡವಾದರೆ ನಷ್ಟವಿಲ್ಲ.

“ಸೂಜಿ?” ಎಂದು ಕೇಳಿದಳು.

“ಅವರು ಸೂಜಿ ಮಾತೇ ಎತ್ತಲಿಲ್ಲ.”

“ನಕ್ಕದ್ದು?”

“ನಗಲಿಲ್ಲ.”

ಲೋಟ ಕೆಳಗಿಟ್ಟಳು, ಸರಿಯಾಗಿ ಮೇಜಿನ ಮೇಲೇ. “ನೂರಕ್ಕೆ ನೂರು ಅಂದಾಗ ನಾನು ನಂಬಿರಲಿಲ್ಲ ರೀ. ಎಲ್ಲರೂ ಹಾಗೇ ಅಂತಾರೆ. ಆ ಸೂಜಿ ಅಂದ್ರಲ್ಲ, ಅದಕ್ಕೆ ನಂಬಿದೆ. ನಂಬಿ ಪೆನ್ನುಗಳನ್ನ ಡಬ್ಬಿಗೆ ಹಾಕಿ ಕೂತೆ. ಇಷ್ಟು ದಿನ! ಕಾಣ್ತಿದ್ದ ಇಷ್ಟು ದಿನಗಳನ್ನ ಕಿಟಕಿ ಹತ್ರ ಕೂತು ಹಾಳು ಮಾಡಿದೆ. ನನ್ನನ್ನೂ ಗಾಜಿನ ಲೋಟ ಅಂದ್ಕೊಂಡು ಕಪಾಟಿಗೆ ಏರಿಸಿಬಿಟ್ರಾ?”

ಏರಿಸಿದ್ದೆ.

ಸೆಪ್ಟೆಂಬರ್ 23, ಸೋಮವಾರ

ಮಾತಿಲ್ಲ. ಡಾಕ್ಟರಮ್ಮನಿಗೆ ತಾನೇ ಫೋನು ಮಾಡಿ ಆಪರೇಷನ್ನನ್ನು ಎರಡು ವಾರ ಮುಂದೆ ಹಾಕಿಸಿಕೊಂಡಳು. ತಂಗಿಗೆ ಫೋನು ಮಾಡಿ ಬೈದಳು. ನನಗೆ ಬೈಯಲಿಲ್ಲ. ಬೈಗುಳಕ್ಕೂ ಸರದಿಯಿದೆಯೆಂದು ಕಾದೆ. ಸಂಜೆ ಡಬ್ಬಿಯ ಮುಚ್ಚಳ ಟಕ್ಕೆಂದ ಸದ್ದು ಕೇಳಿತು. ತೆರೆದ ಸದ್ದು.

ಸೆಪ್ಟೆಂಬರ್ 25, ಬುಧವಾರ

“ಆ ಹಿಂದಿನ ಬೀದಿ ಮೆಟ್ಟಿಲು ಎಷ್ಟೆತ್ತರ, ನೋಡ್ಕೊಂಡು ಬನ್ನಿ” ಎಂದಳು. ಮೂರು ದಿನಗಳ ಮೇಲೆ ಆಡಿದ ಮೊದಲ ಮಾತು.

“ಸುಮಾರು ಮೊಣಕಾಲಿನ—”

“ಸುಮಾರು ಬೇಡ. ನೋಡ್ಕೊಂಡು ಬನ್ನಿ.”

ಅಳತೆಪಟ್ಟಿ ಹಿಡಿದು ಓಡಿದೆ. ಪರರ ಮೆಟ್ಟಿಲು ಅಳೆಯುತ್ತಿದ್ದವನನ್ನು ಆ ಮನೆಯ ಅಜ್ಜಿ ಬಹಳ ಅನುಮಾನದಿಂದ ನೋಡಿದರು. ಇಷ್ಟು ಸಂತೋಷವಾಗಿ ನಾನು ಯಾವ ಗೋದಾಮನ್ನೂ ಪರಿಶೋಧಿಸಿರಲಿಲ್ಲ.

ಅಕ್ಟೋಬರ್ 2, ಬುಧವಾರ

ನಕ್ಷೆಯ ರೀತಿ ಬದಲಾಗಿದೆ. ಗೆರೆಗಳ ಮೇಲೆ ಅಂಟು ಹಚ್ಚಿ ದಪ್ಪ ದಾರ ಕೂರಿಸುತ್ತಿದ್ದಾಳೆ. ಗೇಟಿಗೆ ಗುಂಡಿ, ಮೆಟ್ಟಿಲಿಗೆ ಬೆಂಕಿಕಡ್ಡಿ, ನಾಯಿಯ ಮೂಲೆಗೆ ಒಂದು ತುಂಡು ಉಣ್ಣೆ. ನಾನು ಬಿದ್ದ ಜಾಗಕ್ಕೆ ಒಡೆದ ಗುಂಡಿ.

“ಯಾಕೆ ಹೀಗೆ?” ಎಂದೆ.

“ಕಣ್ಣು ಉಳಿದ್ರೆ ನೋಡೋಕೆ. ಉಳೀದಿದ್ರೆ ಮುಟ್ಟೋಕೆ” ಎಂದಳು, ತರಕಾರಿ ಲೆಕ್ಕ ಹೇಳುವ ದನಿಯಲ್ಲಿ. ಆಮೇಲೆ ನನ್ನ ಕಣ್ಣಿಗೆ ಟವೆಲು ಕಟ್ಟಿ, ಬೆರಳನ್ನು ನಕ್ಷೆಯಲ್ಲಿನ ಮನೆಯ ಬಾಗಿಲಿಗಿಟ್ಟು, “ಬೇಕರಿಗೆ ಹೋಗಿ” ಎಂದಳು. ನಾನು ಎರಡು ಸಲ ಚರಂಡಿಗೆ ಬಿದ್ದೆ. ನಕ್ಕಳು. ನಗುವಾಗ ಅವಳ ಕೈ ನನ್ನ ಬೆರಳ ಮೇಲೇ ಇತ್ತು. ಬೇಕರಿ ಸಿಕ್ಕಿದ ಮೇಲೂ ಇತ್ತು.

ಅಕ್ಟೋಬರ್ 4, ಶುಕ್ರವಾರ

ಆಪರೇಷನ್ನಿಗೆ ಮುಂಚೆ ಏನು ನೋಡಬೇಕೆಂದು ಕೇಳಿದ್ದೆ. ಸಮುದ್ರವೋ ಬೆಟ್ಟವೋ ಎಂದಾಳೆಂದು ಮನಸ್ಸಿನಲ್ಲೇ ರಜೆ ಹಾಕಿಕೊಂಡಿದ್ದೆ. ಗಡಿಯಾರದ ಕತೆ ಕೇಳಿದ್ದವಳು “ನಿಮ್ಮ ಕ್ಲಾಸು” ಎಂದಳು.

“ಇವರು ಹೊರಗಿನಿಂದ ಬಂದ ಪರಿಶೋಧಕರು” ಎಂದು ಪರಿಚಯಿಸಿದೆ. “ಮನೆಯವರು” ಎಂದು ಯಾರೋ ಪಿಸುಗುಟ್ಟಿದರು, ಮಕ್ಕಳು ದಡ್ಡರಲ್ಲ. ಇವಳು ಕೊನೆಯ ಬೆಂಚಿನಲ್ಲಿ ‘ಆದರೆ’ಯ ಪಕ್ಕ ಕೂತಳು. ಪಾಠದ ನಡುವೆಯೇ ಕೈಯೆತ್ತಿದಳು.

“ಆ ಗಡಿಯಾರನ ಐದು ನಿಮಿಷ ಹಿಂದಿಟ್ಟವರು ಯಾರು?”

ಹೌದಪ್ಪ ಗಲ್ಲಿಗೆ ಹೋಗುವವನಂತೆ ಹತ್ತಿರ ಬಂದ. ಅವನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ತನ್ನ ಮುಖದ ಹತ್ತಿರಕ್ಕೆ ತಂದು ನಿಧಾನವಾಗಿ ನೋಡಿದಳು. “ಇಷ್ಟು ಚೆಂದ ಸುಳ್ಳು ಬರೆದವನ ಮುಖ ನೋಡಬೇಕಿತ್ತಪ್ಪ. ಹೆದರಬೇಡ. ನಮ್ಮನೇಲೂ ಒಬ್ಬರಿದ್ದಾರೆ.”

ಇಡೀ ತರಗತಿ ನನ್ನ ಕಡೆ ತಿರುಗಿತು. ನಾನು ಕರಿಹಲಗೆ ಒರೆಸಿದೆ. ಅದರ ಮೇಲೆ ಏನೂ ಬರೆದಿರಲಿಲ್ಲ.

“ಆದರೆ ಮೇಡಂ” ಎಂದಳು ಪಕ್ಕದವಳು, “ನಮ್ಮವರೇ ಗೊತ್ತಿಲ್ಲ ಅಂದಾಗ ಭಯ ಆಗಲ್ವಾ?”

“ಆಗುತ್ತಮ್ಮ. ಆದರೆ ಆಗ ಇಬ್ಬರಿಗೂ ಒಟ್ಟಿಗೆ ಆಗುತ್ತೆ. ಮೊದಲು ಇವರೊಬ್ಬರೇ ಹೆದರ್ಕೊಂಡು ಓಡಾಡ್ತಿದ್ರು ಪಾಪ.”

ಮೊದಲ ವಾರ ‘ಆದರೆ’ ಕೇಳಿದ್ದ ಅಧ್ಯಾಯ ಇನ್ನೂ ನನಗೆ ಸಿಕ್ಕಿಲ್ಲ. ಹಾಗೆಂದು ಒಪ್ಪಿಕೊಂಡೆ. ಹೌದಪ್ಪ ಅದನ್ನೂ ಬರೆದುಕೊಂಡ.

ಅಕ್ಟೋಬರ್ 8, ಮಂಗಳವಾರ

ಆಪರೇಷನ್ ಆಯಿತು. ಏನಾಗಿದೆಯೆಂದು ಕಟ್ಟು ಬಿಚ್ಚುವ ತನಕ ಹೇಳಲಾಗದು ಎಂದರು ಡಾಕ್ಟರಮ್ಮ. ಅವರನ್ನು ಇವಳ ಎದುರಿಗೇ ಕರೆಸಿ ಹೇಳಿಸಿದೆ.

ಮಧ್ಯಾಹ್ನ ಹೌದಪ್ಪ ಫೋನು ಮಾಡಿದ. “ಸರ್, ಖಂಡಿತ ಸರಿ...” ಎಂದವನು ಅಲ್ಲೇ ನಿಂತ. ಉಸಿರೆಳೆದದ್ದು ಕೇಳಿಸಿತು. “ಗೊತ್ತಿಲ್ಲ ಸರ್. ಕೆಳಗಡೆ ಇದೀವಿ. ಚಹಾ ತರ್ಲಾ?”

ನನ್ನ ವೃತ್ತಿಜೀವನದಲ್ಲಿ ನೋಡಿದ ಅತ್ಯುತ್ತಮ ವರದಿ. ಹತ್ತಕ್ಕೆ ಹತ್ತು. ಚಹಾ ತಣ್ಣಗಿತ್ತು, ಅದನ್ನೂ ಹೇಳಿದೆ.

ಸಂಜೆ ಇವಳು, ಕಣ್ಣಿಗೆ ಕಟ್ಟು, ಕೈ ನನ್ನ ಕೈಯಲ್ಲಿ: “ಏನನ್ನಿಸುತ್ತೆ ರೀ?”

“ಗೊತ್ತಿಲ್ಲ ಕಣೇ.”

“ಹ್ಞೂಂ” ಎಂದು ಕೈ ಒತ್ತಿದಳು. “ಈ ಕೋಣೇಲಿ ಏನೇನಿದೆ ಹೇಳಿ.”

ಹೇಳಿದೆ. ಹಸಿರು ಪರದೆ, ಒಂದು ಕೊಂಡಿ ಕಿತ್ತಿದೆ. ಕಾಲು ಕುಂಟುವ ಸ್ಟೂಲು. ಕಿಟಕಿಯಾಚೆ ನೀರಿನ ಟ್ಯಾಂಕು, ಅದರ ಮೇಲೆ ಕಾಗೆ. ಈಗ ಹಾರಿತು.

“ಗೋಡೇಲಿ ಗಡಿಯಾರ?”

“ಇದೆ, ದೊಡ್ಡದು. ಐದು ನಿಮಿಷ ಹಿಂದಿದೆ.”

ಹೊದಿಕೆಯೊಳಗಿಂದಲೇ ನಗು ಶುರುವಾಯಿತು. “ಅಲುಗಾಡಬೇಡ, ಹೊಲಿಗೆ ಬಿಚ್ಚೀತು!” ಎಂದರೂ ಕೇಳಲಿಲ್ಲ. “ಸತ್ಯವಾಗ್ಲೂ ಹಿಂದಿದೆ ಕಣೇ, ನನ್ನ ವಾಚಿನ ಜೊತೆ ಹೋಲಿಸಿ ನೋಡಿದೆ” ಎಂದು ನಾನು ಆಣೆ ಮಾಡಿದಷ್ಟೂ ನಗು ಹೆಚ್ಚಾಯಿತು. ನರ್ಸು ಬಂದು ಇಬ್ಬರಿಗೂ ಬೈದರು.

ಅಕ್ಟೋಬರ್ 10, ಗುರುವಾರ

ಕಟ್ಟು ಬಿಚ್ಚಿದರು. ಮೊದಲು ನನ್ನ ಮುಖವನ್ನೇ ನೋಡುತ್ತಾಳೆಂದು ತಲೆ ಬಾಚಿಕೊಂಡು, ಒಗೆದ ಅಂಗಿ ಹಾಕಿಕೊಂಡು ಎದುರಿಗೆ ನಿಂತಿದ್ದೆ. ನೋಡಲಿಲ್ಲ. ಗಡಿಯಾರವಿದ್ದ ಗೋಡೆಯ ಕಡೆ ತಿರುಗಿದಳು. ಎಷ್ಟು ಹೊತ್ತು!

“ಅಂಕಿ ಕಾಣ್ತಿಲ್ಲ” ಎಂದಳು.

ಅವಳ ಭುಜದ ಮೇಲೆ ಕೈಯಿಟ್ಟೆ. ಏನೂ ಸೇರಿಸಲಿಲ್ಲ.

“ಮುಳ್ಳುಗಳು ಕಾಣ್ತಿವೆ” ಎಂದಳು. “ಸಿಸ್ಟರ್, ಈಗ ಟೈಮೆಷ್ಟು?”

ನರ್ಸು ತಮ್ಮ ಕೈಗಡಿಯಾರ ನೋಡಿ ಹೇಳಿದರು. ಇವಳು ಎರಡು ಬೆರಳುಗಳನ್ನು ಗಾಳಿಯಲ್ಲಿ ಅಗಲಿಸಿ, ಕಚೇರಿಯಲ್ಲಿ ಮೂಲೆಗಳ ಕೋನ ಅಳೆಯುತ್ತಿದ್ದ ಹಾಗೆ ಆ ಗಡಿಯಾರಕ್ಕೆ ಹಿಡಿದಳು.

“ಐದಲ್ಲ ರೀ. ಏಳು.”

ಎದ್ದು ಹೋಗಿ, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ನನ್ನ ವಾಚು ಹಿಡಿದು ನೋಡಿದೆ.

ಏಳೇ.